ಮುದ್ರೆ, ರುಜು, ಗುಪ್ತಪದ: ಲೇವಾದೇವಿಯಲ್ಲಿ ಗುರುತಿನ ಇತಿಹಾಸ

ಬೋರಿವಲಿಯ ಬಳಿಯ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಮಾನ್ಯಖೇಟದ ಅಮೋಘವರ್ಷನ ಹೆಸರೂ ಅವನ ಸಾಮಂತರಾದ ಉತ್ತರ ಕೊಂಕಣದ ಶಿಲಾಹಾರರ ಹೆಸರೂ ಬಂದಿರುವುದು ಕನ್ನಡ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಹೊಸದಲ್ಲ. ಅವುಗಳಲ್ಲೊಂದು, ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕನು ನೂರು ದ್ರಮ್ಮಗಳನ್ನು ಅಕ್ಷಯನೀವಿಯಾಗಿ ಇರಿಸಿದ ಸಂಗತಿಯನ್ನು ತಿಳಿಸುತ್ತದೆ. ಮೂಲಧನ ಕರಗದೆ ಬಡ್ಡಿ ಮಾತ್ರ ವ್ಯಯವಾಗತಕ್ಕ ಇಂಥ ನಿಧಿಯನ್ನು ಇಂದಿನ ಮಾತಿನಲ್ಲಿ ಶಾಶ್ವತ ಠೇವಣಿ ಎನ್ನಬಹುದು. ಈ ಕಟ್ಟಳೆಗೆ ಮುದ್ರೆಯ ಅಗತ್ಯ ಬೀಳಲಿಲ್ಲ. ಬಂಡೆ ಕದಲದು, ಅದಿರುವ ಸ್ಥಳವೇ ಅದರ ಸಾಕ್ಷಿ. ತಾಮ್ರಪಟದ ಮಾತು ಬೇರೆ. ಅದು ದಾನ ಪಡೆದವನ ಮನೆಯಲ್ಲಿರುವುದು, ಊರಿಂದೂರಿಗೆ ಹೋಗುವುದು, ನೂರು ವರ್ಷಗಳ ಮೇಲೆ ಯಾವನೋ ಅಧಿಕಾರಿಯ ಮುಂದೆ ಬಿಚ್ಚಲ್ಪಡುವುದು. ಆದುದರಿಂದಲೇ ಹಲಗೆಗಳನ್ನು ಪೋಣಿಸಿದ ಬಳೆಗೆ ರಾಜಮುದ್ರೆಯ ಬೆಸುಗೆ: ಬಾದಾಮಿಯ ಚಾಲುಕ್ಯರದು ವರಾಹ; ರಾಷ್ಟ್ರಕೂಟರಲ್ಲಿಯೂ ಶಿಲಾಹಾರರಲ್ಲಿಯೂ ಹೆಚ್ಚಾಗಿ ಗರುಡ.

ಆದರೆ ಮುದ್ರೆಯು ಸಾಕ್ಷಿ ನುಡಿಯುವುದು ತನ್ನ ವಿಷಯದಲ್ಲಿ ಮಾತ್ರ. ತನಗಂಟಿದ ಬರಹದ ವಿಷಯದಲ್ಲಿ ಅಲ್ಲ. ಬಳೆಯನ್ನು ಕತ್ತರಿಸಿ ಬೇರೆ ಹಲಗೆಗಳನ್ನು ಪೋಣಿಸಿದರೂ ಗರುಡ ಅದೇ ಗರುಡ. ಮುಂಬಯಿ ಇಲಾಖೆಯ ಅಧಿಕಾರಿಯಾಗಿದ್ದು ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಹೊರತಂದ ಜೆ. ಎಫ್. ಫ್ಲೀಟರು ಗಂಗರ ತಾಮ್ರಶಾಸನಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಳ್ಳಿಹಾಕಿದುದೂ ಬಿ. ಎಲ್. ರೈಸರು ಅವುಗಳ ಪರವಾಗಿ ವಾದಿಸಿದುದೂ ಪ್ರಸಿದ್ಧವಾಗಿದೆ. ಆ ಚರ್ಚೆಯಲ್ಲಿ ಮುಖ್ಯವಾಗಿ ತೂಗಿ ನೋಡಲ್ಪಟ್ಟವು ಲಿಪಿಯ ಕಾಲ, ತಿಥಿವಾರಗಳ ಲೆಕ್ಕ. ಮುದ್ರೆಯಿದ್ದುದರಿಂದ ಯಾವ ವಾದವೂ ಮುಗಿಯಲಿಲ್ಲ.

ಮುದ್ರೆಯ ಇನ್ನೊಂದು ದೌರ್ಬಲ್ಯವನ್ನು, ೧೮೨೩ರಲ್ಲಿ ರಚಿತವಾದ ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಓದಿದವರು ಬಲ್ಲರು. ವಿಶಾಖದತ್ತನ ನಾಟಕದಿಂದ ಬಂದ ಆ ಕಥೆಯಲ್ಲಿ ಅಮಾತ್ಯ ರಾಕ್ಷಸನ ಉಂಗುರವು ಚಾಣಕ್ಯನ ಕೈಸೇರುತ್ತದೆ. ಅದರ ಮುದ್ರೆ ಬಿದ್ದ ಕಪಟಪತ್ರವೊಂದು ರಾಕ್ಷಸನ ಪಕ್ಷವನ್ನೇ ಒಡೆಯುತ್ತದೆ. ಉಂಗುರವು ತನ್ನನ್ನು ತೊಟ್ಟವನಾರೆಂದು ಕೇಳುವುದಿಲ್ಲ.

ಮುಂಬಯಿಯ ಸರಾಫರು ಈ ತೊಡಕನ್ನು ಬಿಡಿಸಿದ ರೀತಿ ಬೇರೆ. ಶಾಹಜೋಗ್ ಹುಂಡಿಯ ಹಣವನ್ನು ಅದನ್ನು ತಂದವರಿಗೆಲ್ಲ ಕೊಡುವಂತಿಲ್ಲ. ಪೇಟೆಯಲ್ಲಿ ಮಾನ್ಯನಾದ ‘ಶಾಹ’ನಿಗೇ ಕೊಡಬೇಕು. ಹುಂಡಿಯು ಕಳವಿನದು ಅಥವಾ ಕೂಟವಾದುದು ಎಂದು ಮುಂದೆ ತಿಳಿದುಬಂದರೆ ಆ ಶಾಹನು ಹಣವನ್ನು ಹಿಂದಿರುಗಿಸಬೇಕೆಂಬುದು ಪದ್ಧತಿ. ಎಂದರೆ ಇವನಾರೆಂಬ ಪ್ರಶ್ನೆಯೂ ನಷ್ಟವಾರದೆಂಬ ಪ್ರಶ್ನೆಯೂ ಇಲ್ಲಿ ಒಂದೇ ಗಂಟಿನಲ್ಲಿದ್ದವು. ೧೮೮೧ರ ವರ್ಗಾವಣೀಯ ಪತ್ರಗಳ ಕಾಯಿದೆಯು ದೇಶಭಾಷೆಗಳ ಹುಂಡಿಗಳಿಗೆ ಅವುಗಳ ಸ್ಥಳೀಯ ರೂಢಿಯನ್ನು ತನ್ನ ಮೊದಲ ವಿಧಿಯಲ್ಲೇ ಉಳಿಸಿಕೊಟ್ಟಿತು.

ಬ್ಯಾಂಕುಗಳ ಕಾಲಕ್ಕೆ ಶಾಹನ ಸ್ಥಾನಕ್ಕೆ ರುಜು ಬಂದಿತು. ಅದರ ಹೊಣೆ ಎಷ್ಟು ದೂರ ಹೋಗುತ್ತದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ೧೯೮೭ರಲ್ಲಿ ಮಂಗಳೂರಿನ ಮೊಕದ್ದಮೆಯೊಂದರಲ್ಲಿ ತೀರ್ಮಾನಿಸಿತು. ಕೆನರಾ ಬ್ಯಾಂಕಿನಲ್ಲಿ ಖಾತೆಯಿದ್ದ ಕೆನರಾ ಸೇಲ್ಸ್ ಕಾರ್ಪೊರೇಷನ್ನಿನ ಲೆಕ್ಕಿಗನೇ ಮೇಲಧಿಕಾರಿಯ ರುಜುವನ್ನು ಅನುಕರಿಸಿ ೪೨ ಚೆಕ್ಕುಗಳ ಮೂಲಕ ಮೂರು ಲಕ್ಷ ರೂಪಾಯಿಗಳಿಗೂ ಮಿಕ್ಕ ಹಣವನ್ನು ತೆಗೆದಿದ್ದನು. ಸಂಸ್ಥೆಯು ತನ್ನ ಲೆಕ್ಕವನ್ನು ಎಚ್ಚರದಿಂದ ನೋಡಿಕೊಳ್ಳಲಿಲ್ಲವೆಂಬುದು ಬ್ಯಾಂಕಿನ ವಾದ. ನ್ಯಾಯಾಲಯವು ಒಪ್ಪಲಿಲ್ಲ. ರುಜು ಗ್ರಾಹಕನದಲ್ಲವಾದ ಮೇಲೆ ಹಣ ಕೊಡೆಂಬ ಆಜ್ಞೆಯೇ ಬ್ಯಾಂಕಿಗೆ ಬಂದಿಲ್ಲ. ಗ್ರಾಹಕನ ಅಲಕ್ಷ್ಯವು ಅದಕ್ಕೆ ರಕ್ಷೆಯಾಗಲಾರದು.

ಈ ತೀರ್ಪಿನ ಪಕ್ಕದಲ್ಲಿ ರಿಸರ್ವ್ ಬ್ಯಾಂಕಿನ ೨೦೧೭ರ ಜುಲೈ ೬ರ ಸುತ್ತೋಲೆಯನ್ನಿಟ್ಟು ಓದಬೇಕು. ಹೊರಗಿನವರ ಕಳ್ಳತನವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ಹೊಣೆಯಿಲ್ಲವೆಂದು ಅದು ಹೇಳುತ್ತದೆ. ಇದು ಉಪಕಾರವೇ ಸರಿ. ಆದರೆ ಗ್ರಾಹಕನು ತನ್ನ ಗುಪ್ತಪದವನ್ನೋ ಸಂಕೇತಾಂಕವನ್ನೋ ಇನ್ನೊಬ್ಬರಿಗೆ ತಿಳಿಸಿದ್ದರೆ, ಬ್ಯಾಂಕಿಗೆ ದೂರು ಮುಟ್ಟಿಸುವವರೆಗಿನ ನಷ್ಟವೆಲ್ಲ ಅವನದೇ. ನಲವತ್ತೆರಡು ಚೆಕ್ಕುಗಳ ಕಾಲದ ಅಲಕ್ಷ್ಯ ಮನ್ನಿತವಾಯಿತು. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಕುಳಿತು, ಬ್ಯಾಂಕಿನವರೇ ಎಂದು ನಂಬಿ, ದೂರವಾಣಿಯಲ್ಲಿ ಆರು ಅಂಕೆಗಳನ್ನು ಉಚ್ಚರಿಸಿದ ನಿವೃತ್ತನ ಅಲಕ್ಷ್ಯ ಮನ್ನಿತವಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಗುಪ್ತಪದದ ಸ್ವಭಾವದಲ್ಲಿಯೇ ಇದೆ. ರುಜುವನ್ನು ಅನುಕರಿಸಬೇಕು, ಗುಪ್ತಪದವನ್ನು ಹೇಳಿದರೆ ಸಾಕು. ಗಣಕಯಂತ್ರಕ್ಕೆ ಅದು ಬಂದುದು ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ, ೧೯೬೦ರ ದಶಕದ ಆರಂಭದಲ್ಲಿ, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳತೊಡಗಿದಾಗ. ೧೯೬೨ರಲ್ಲಿಯೇ ಅಲ್ಲಿನ ಸಂಶೋಧಕನೊಬ್ಬನು ಹೆಚ್ಚು ಯಂತ್ರಕಾಲ ಬೇಕೆಂದು ಎಲ್ಲರ ಗುಪ್ತಪದಗಳ ಪಟ್ಟಿಯನ್ನು ಅಚ್ಚುಮಾಡಿಸಿಕೊಂಡನು. ಹುಟ್ಟಿದೊಡನೆ ಸೋರಿದ ಗುಟ್ಟು ಇದು.

ಪರಿಹಾರದ ತತ್ತ್ವವು ೧೯೭೬ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬವರ ಲೇಖನದಲ್ಲಿ ಪ್ರಕಟವಾಯಿತು: ಒಂದು ಜೋಡಿ ಕೀಲಿಗಳು, ಒಂದು ಬಹಿರಂಗ, ಒಂದು ರಹಸ್ಯ. ರಹಸ್ಯ ಕೀಲಿಯಿಂದ ಹಾಕಿದ ರುಜುವನ್ನು ಬಹಿರಂಗ ಕೀಲಿಯುಳ್ಳ ಯಾರಾದರೂ ಪರೀಕ್ಷಿಸಬಹುದು, ಹಾಕಲಾಗದು. ಆ ರುಜು ಬರಹದ ಒಂದೊಂದು ಅಕ್ಷರಕ್ಕೂ ಅಂಟಿಕೊಂಡಿರುವುದರಿಂದ, ಬಳೆ ಕತ್ತರಿಸಿ ಹಲಗೆ ಬದಲಾಯಿಸುವ ಉಪಾಯ ಇಲ್ಲಿ ಸಾಗದು. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇದನ್ನೇ ಅಂಗೀಕರಿಸಿತು. ಮರುವರ್ಷ ಜೂನ್ ೧೪ರಂದು ರಿಸರ್ವ್ ಬ್ಯಾಂಕು ಅಂತರ್ಜಾಲ ಬ್ಯಾಂಕಿಂಗಿನ ಬಗ್ಗೆ ಹೊರಡಿಸಿದ ಸೂಚನೆಗಳಲ್ಲಿ, ಈ ವಿಧಾನವನ್ನು ಬಿಟ್ಟು ಬೇರಾವುದನ್ನು ಬಳಸಿದರೂ ಬ್ಯಾಂಕುಗಳು ಅದನ್ನು ಕಾನೂನಿನ ಅಪಾಯವೆಂದೇ ಎಣಿಸಬೇಕೆಂದು ಸ್ಪಷ್ಟವಾಗಿ ಎಚ್ಚರಿಸಿತು. ಬ್ಯಾಂಕುಗಳು ತಮ್ಮ ಪರಸ್ಪರ ಸಂದೇಶಗಳಿಗೆ ಅಂಕರುಜುವನ್ನು ತಂದುಕೊಂಡವು. ೨೦೦೬ರಿಂದ ಕಂಪೆನಿಗಳ ನಿರ್ದೇಶಕರೂ ಸರ್ಕಾರಕ್ಕೆ ಸಲ್ಲಿಸುವ ಪತ್ರಗಳಿಗೆ ಅದನ್ನೇ ಹಾಕತೊಡಗಿದರು. ಠೇವಣಿದಾರನಿಗೆ ಮಾತ್ರ ದೊರೆತದ್ದು ಗುಪ್ತಪದ, ಅದರ ಬೆನ್ನಿಗೆ ಒಂದು ಬಾರಿಯ ಅಂಕೆ. ತಿಜೋರಿಗೆ ಉಕ್ಕಿನ ಬೀಗ, ಗ್ರಾಹಕನ ಪೆಟ್ಟಿಗೆಗೆ ಬಾಯಿಮಾತಿನ ಬೀಗ ಎಂದಂತಾಯಿತು.

೨೦೧೩ರಲ್ಲಿ ಬೆಳಕಿಗೆ ಬಂದ ಫೈಡೋ ಒಕ್ಕೂಟವೂ ೨೦೧೯ರ ಮಾರ್ಚಿನಲ್ಲಿ ಸ್ಥಿರಪಟ್ಟ ವೆಬ್‌ಆಥೆನ್ ಎಂಬ ಜಾಲನಿಯಮವೂ ಈ ಜೋಡಿ ಕೀಲಿಯನ್ನು ಸಾಮಾನ್ಯನ ಕೀಲಿಗೊಂಚಲಿಗೆ ತಂದವು. ಹೆಬ್ಬೆರಳಿನಷ್ಟಿರುವ ಯುಎಸ್‌ಬಿ ಸಾಧನವು ಪ್ರತಿ ಸಂಸ್ಥೆಗೂ ಬೇರೆ ಬೇರೆ ಜೋಡಿಯನ್ನು ತನ್ನೊಳಗೇ ಸೃಷ್ಟಿಸಿಕೊಂಡು ಬಹಿರಂಗ ಕೀಲಿಯನ್ನಷ್ಟೇ ಹೊರಗೆ ಕೊಡುತ್ತದೆ. ಪ್ರತಿ ಸಲವೂ ಬ್ಯಾಂಕು ಹೊಸದೊಂದು ಸಂಖ್ಯೆಯನ್ನು ಕಳಿಸುತ್ತದೆ. ಒಡೆಯನು ತನ್ನ ಪಿನ್ ಒತ್ತಿ ಬೆರಳು ಮುಟ್ಟಿಸಿದಾಗ ಮಾತ್ರ ಸಾಧನವು ಅದಕ್ಕೆ ರುಜು ಹಾಕುತ್ತದೆ. ಆ ಪಿನ್ ಸಾಧನವನ್ನು ಬಿಟ್ಟು ಆಚೆ ಹೋಗುವುದಿಲ್ಲ. ಎಂಟು ಬಾರಿ ತಪ್ಪಿದರೆ ಕೀಲಿ ಮುಚ್ಚಿಕೊಳ್ಳುತ್ತದೆ. ರಾಕ್ಷಸನ ಉಂಗುರಕ್ಕೆ ಇಲ್ಲದಿದ್ದ ಗುಣವಿದು. ಎಲ್ಲಕ್ಕಿಂತ ಹೆಚ್ಚಿನದೆಂದರೆ, ರುಜುವಿನೊಳಗೆ ಜಾಲತಾಣದ ಹೆಸರೂ ಸೇರಿರುತ್ತದೆ. ಒಂದಕ್ಷರ ಬದಲಿಸಿದ ಕಪಟತಾಣಕ್ಕೆ ಗ್ರಾಹಕನು ಮೋಸಹೋದರೂ ಕೀಲಿ ಮೋಸಹೋಗದು. ಅಲ್ಲಿ ಬ್ಯಾಂಕಿನ ಹೆಸರಿನ ರುಜು ಹುಟ್ಟುವುದೇ ಇಲ್ಲ. ಇದೆಲ್ಲ ಫಲಿಸುವುದು ಬ್ಯಾಂಕಿನ ಕ್ರಮವಿಧಿ ಬರೆಯುವವನ ನಿಷ್ಠೆಯನ್ನು ಅವಲಂಬಿಸಿದೆ: ಕಳಿಸಿದ ಸಂಖ್ಯೆ ಹೊಸತೇ, ಒಮ್ಮೆ ಮಾತ್ರ ಬಳಕೆಯಾಯಿತೇ, ಹೆಸರು ತನ್ನದೇ, ಬೆರಳು ಮುಟ್ಟಿತೇ ಎಂದು ಅವನು ಒಂದೊಂದನ್ನೂ ಪರೀಕ್ಷಿಸದಿದ್ದರೆ ಗರುಡನನ್ನು ನೋಡಿ ಹಲಗೆಯನ್ನು ಓದದ ಅಧಿಕಾರಿಯಂತೆಯೇ ಸರಿ.

ಕೀಲಿಯು ದುರುದ್ದೇಶವನ್ನು ತಡೆಯಲಾರದೆಂಬುದನ್ನೂ ಹೇಳಬೇಕು. ೨೦೧೮ರಲ್ಲಿ ಕೋಟೆ ಪ್ರದೇಶದ ಬ್ರೇಡಿ ಹೌಸ್ ಶಾಖೆಯಲ್ಲಿ ಬಯಲಾದ ಪ್ರಕರಣದಲ್ಲಿ ಹೊಣೆಪತ್ರಗಳ ಸಂದೇಶಗಳು ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ದಾಖಲಾಗದೆ ಪರದೇಶಕ್ಕೆ ಹೋದವು. ಒಳಗಿನವರು ಸೇರಿಕೊಂಡಲ್ಲಿ ಯಾವ ಮುದ್ರೆಯೂ ಕಾವಲಲ್ಲ. ಬೆದರಿಕೆಗೆ ಮಣಿದು ತಾನೇ ಹಣ ಕಳಿಸುವವನನ್ನೂ ಕೀಲಿ ಉಳಿಸದು.

೨೦೨೫ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕಿನ ನಿರ್ದೇಶನವು ೨೦೨೬ರ ಏಪ್ರಿಲ್ ೧ನ್ನು ಪಾಲನೆಯ ದಿನವಾಗಿ ಗೊತ್ತುಮಾಡಿತು. ಕನಿಷ್ಠ ಎರಡು ಗುರುತುಗಳು ಬೇಕೆಂದೂ, ಕೈಯಲ್ಲಿರುವ ಸಾಧನವೂ ಅವುಗಳಲ್ಲೊಂದಾಗಬಹುದೆಂದೂ, ನಿರ್ದೇಶನವನ್ನು ಮೀರಿ ನಡೆದ ವ್ಯವಹಾರದ ನಷ್ಟವನ್ನು ಸಂಸ್ಥೆಯೇ ಪೂರ್ತಿಯಾಗಿ ತುಂಬಿಕೊಡಬೇಕೆಂದೂ ಅದು ವಿಧಿಸಿದೆ. ಶಾಹನ ಹೊಣೆಯ ಛಾಯೆ ಇಲ್ಲಿ ಮತ್ತೆ ಕಾಣುತ್ತದೆ. ಉಳಿದಿರುವ ಆಕ್ಷೇಪ, ಕೀಲಿ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಳೆದುಹೋದರೇನು ಗತಿ ಎಂಬುದು. ಒಂದು ಖಾತೆಗೆ ಎರಡು ಕೀಲಿಗಳನ್ನು ನೋಂದಾಯಿಸಿ ಒಂದನ್ನು ಬೇರೆಡೆ ಇಡುವುದು ಇದನ್ನು ಬಳಸುವವರ ವಾಡಿಕೆ. ಭದ್ರಕೋಣೆಯ ಎರಡನೆಯ ಕೀಲಿಕೈಗೆ ಅರಗಿನ ಮುದ್ರೆಯೊತ್ತಿ ಇನ್ನೊಂದು ಶಾಖೆಯಲ್ಲಿ ಇಡುತ್ತ ಬಂದಿರುವ ಬ್ಯಾಂಕುಗಳಿಗೆ ಈ ವಾಡಿಕೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ.