ಖಾಲಿ ಪುಟಗಳ ಪತ್ರಿಕೆ

ಜೇಮ್ಸ್ ಜಾಯ್ಸನ 'ಯುಲಿಸಿಸ್' ಕಾದಂಬರಿಯನ್ನು ನಾನು ಬಹುಕಾಲ ಪುಸ್ತಕವಾಗಿಯೇ ಬಲ್ಲವನು. ಅದಕ್ಕೆ ಮೊದಲು ಎಡೆಗೊಟ್ಟದ್ದು ಒಂದು ಬಡ ಮಾಸಪತ್ರಿಕೆ ಎಂಬುದು ತಿಳಿದದ್ದು ಆಮೇಲೆ. ಆ ಪತ್ರಿಕೆಯನ್ನು ಕುರಿತು ಇಲ್ಲಿ ನಾಲ್ಕು ಮಾತು.

1914ರ ಮಾರ್ಚಿಯಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಮಾರ್ಗರೆಟ್ ಆ್ಯಂಡರ್ಸನ್ ಎಂಬ ತರುಣಿ 'ದಿ ಲಿಟಲ್ ರಿವ್ಯೂ' ಪತ್ರಿಕೆಯನ್ನು ಆರಂಭಿಸಿದರು. ಬೆನ್ನಿಗೆ ಯಾವ ಸಂಸ್ಥೆಯೂ ಇರಲಿಲ್ಲ. ಕೈಯಲ್ಲಿ ಹಣವೂ ಇರಲಿಲ್ಲ. ಮರುವರ್ಷ ಆಕೆ ಮಿಚಿಗನ್ ಸರೋವರದ ದಡದಲ್ಲಿ ಡೇರೆ ಹಾಕಿಕೊಂಡು ಕೆಲವು ತಿಂಗಳು ಕಳೆಯಬೇಕಾಯಿತು. ಆದರೂ ಓದುಗರ ಅಭಿರುಚಿಗೆ ತಲೆಬಾಗುವುದಿಲ್ಲವೆಂಬುದೇ ಪತ್ರಿಕೆಯ ಪಣವಾಗಿತ್ತು. 1916ರ ಸೆಪ್ಟೆಂಬರಿನಲ್ಲಿ, ಬಂದ ಬರಹಗಳಲ್ಲಿ ಅಚ್ಚಿಗೆ ಯೋಗ್ಯವಾದುವು ಸಾಕಷ್ಟಿಲ್ಲವೆಂದು, ಸಂಚಿಕೆಯ ಹಲವು ಪುಟಗಳನ್ನು ಖಾಲಿಯಾಗಿಯೇ ಪ್ರಕಟಿಸಿದರು! ಪುಟ ತುಂಬಿಸುವುದೇ ಸಂಪಾದಕರ ಕೆಲಸವೆಂದು ತಿಳಿದವರಿಗೆ ಇದು ಹುಚ್ಚೆಂದೇ ತೋರೀತು.

ಆ ವರ್ಷವೇ ಜೇನ್ ಹೀಪ್ ಸಂಪಾದಕತ್ವದಲ್ಲಿ ಜೊತೆಗೂಡಿದರು. 1917ರಲ್ಲಿ ಪತ್ರಿಕೆ ನ್ಯೂಯಾರ್ಕಿಗೆ ಹೋಯಿತು. ಲಂಡನ್ನಿನಲ್ಲಿದ್ದ ಕವಿ ಎಜ್ರಾ ಪೌಂಡ್ ವಿದೇಶ ಸಂಪಾದಕನಾದ. ಅವನ ಮೂಲಕ ಬಂದ 'ಯುಲಿಸಿಸ್' 1918ರ ಮಾರ್ಚಿಯಿಂದ ಧಾರಾವಾಹಿಯಾಗಿ ಹೊರಬರತೊಡಗಿತು. ಅಂಚೆ ಇಲಾಖೆ ಕೆಲವು ಸಂಚಿಕೆಗಳನ್ನು ತಡೆಹಿಡಿಯಿತು. ಅವುಗಳನ್ನು ಸುಟ್ಟುಹಾಕಿತೆಂದು ಆ್ಯಂಡರ್ಸನ್ ತಮ್ಮ ಆತ್ಮಕಥೆಯಲ್ಲಿ ನೊಂದು ಬರೆದಿದ್ದಾರೆ. ಕೊನೆಗೆ ನಗರದ ನೀತಿರಕ್ಷಕ ಸಂಘವೊಂದರ ದೂರಿನಿಂದ 1921ರ ಫೆಬ್ರವರಿಯಲ್ಲಿ ಇಬ್ಬರೂ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಆಕ್ಷೇಪಕ್ಕೊಳಗಾದ ಭಾಗವನ್ನು ಒಬ್ಬ ಮಹಿಳೆಯ ಎದುರಿನಲ್ಲಿ ಓದಬಾರದೆಂದು ನ್ಯಾಯಾಧೀಶರೊಬ್ಬರು ಸಂಕೋಚಪಟ್ಟರಂತೆ. ಅದನ್ನು ಪ್ರಕಟಿಸಿದವರೇ ಆ ಮಹಿಳೆ! ತಲಾ 50 ಡಾಲರು ದಂಡ ಬಿತ್ತು. ಧಾರಾವಾಹಿ ಅರ್ಧಕ್ಕೆ ನಿಂತಿತು.

1922ರಲ್ಲಿ ಸಿಲ್ವಿಯಾ ಬೀಚ್ ಪ್ಯಾರಿಸ್ಸಿನಲ್ಲಿ ಕಾದಂಬರಿಯನ್ನು ಪುಸ್ತಕವಾಗಿ ಹೊರತಂದರು. ಅಮೆರಿಕದ ನ್ಯಾಯಾಲಯ ಅದು ಅಶ್ಲೀಲವಲ್ಲವೆಂದು ತೀರ್ಪಿತ್ತದ್ದು 1933ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ 'ಲಿಟಲ್ ರಿವ್ಯೂ' ಮುಚ್ಚಿಹೋಗಿ ನಾಲ್ಕು ವರ್ಷಗಳಾಗಿದ್ದುವು. ಪುಸ್ತಕ ಗೆದ್ದಿತು, ಅದಕ್ಕಾಗಿ ದಂಡ ತೆತ್ತ ಪತ್ರಿಕೆ ಆ ಗೆಲುವನ್ನು ಕಾಣಲಿಲ್ಲ.

ಹದಿನೈದು ವರ್ಷ ಬದುಕಿದ ಈ ಪತ್ರಿಕೆಯನ್ನು ವಿಫಲವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಖಾಲಿ ಪುಟಗಳಿಗೂ ದಂಡಕ್ಕೆ ಗುರಿಯಾದ ಪುಟಗಳಿಗೂ ನಂಟಿದೆ ಎಂದೇ ನಾನು ಭಾವಿಸುತ್ತೇನೆ. ಸಾಧಾರಣ ಬರಹದಿಂದ ಪುಟ ತುಂಬಿಸಲೊಲ್ಲದವರಿಗೆ, ಅಸಾಧಾರಣವಾದುದು ಬಂದಾಗ ಅದರ ಗುರುತು ಹತ್ತಿತು. ಅದರ ಬೆಲೆಯನ್ನೂ ಅವರು ತೆತ್ತರು. ಗ್ರಂಥಗಳ ಚರಿತ್ರೆಯಲ್ಲಿ ಅವರಿಗೆ ಅಡಿಟಿಪ್ಪಣಿಗಿಂತ ಹೆಚ್ಚಿನ ಎಡೆ ಸಲ್ಲಬೇಕು.