ಕಾಳು ಕೆಳಗೆ, ಬೂದಿ ಮೇಲೆ: ಬೀಳುವ ವಸ್ತುವಿನ ಶಕ್ತಿಯನ್ನು ಗಾಳಿ ಹೇಗೆ ತಿಂದುಹಾಕುತ್ತೆ?

‘ಗಾಳಿ ಬಂದಾಗ ತೂರಿಕೋ’ ಅನ್ನೋ ಗಾದೆಯನ್ನು ಪಕ್ಷ ಬದಲಿಸುವ ರಾಜಕಾರಣಿಗಳಿಗೆ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಅದು ಹುಟ್ಟಿದ್ದು ಕಣದಲ್ಲಿ. ಮಾನ್ವಿಯ ಭತ್ತ ಇರಲಿ, ದೇವದುರ್ಗದ ಜೋಳ ಇರಲಿ, ಮೊರ ಎತ್ತಿ ತೂರಿದರೆ ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತೆ, ಹೊಟ್ಟು ದೂರ ಹೋಗುತ್ತೆ. ಶಕ್ತಿನಗರದ ಚಿಮಣಿಯಿಂದ ಹೊರಟ ಬೂದಿ ಯಾಕೆ ಬೇಗ ನೆಲಕ್ಕಿಳಿಯಲ್ಲ ಅನ್ನೋದಕ್ಕೂ ಇದೇ ಭೌತವಿಜ್ಞಾನ ಉತ್ತರ ಕೊಡುತ್ತದೆ.

ಶಕ್ತಿ ಎಲ್ಲಿಗೆ ಹೋಗುತ್ತೆ?

ಎತ್ತರದಲ್ಲಿರುವ ವಸ್ತುವಿನಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ. ಬೀಳುತ್ತಾ ಹೋದಂತೆ ಅದು ಚಲನ ಶಕ್ತಿಯಾಗಿ ಬದಲಾಗಬೇಕು. ಆದರೆ ದಾರಿಯಲ್ಲಿ ಗಾಳಿ ಇದೆ. ಅದನ್ನು ತಳ್ಳಿಕೊಂಡೇ ಬೀಳಬೇಕು. ವೇಗ ಹೆಚ್ಚಿದಷ್ಟೂ ಗಾಳಿಯ ಪ್ರತಿರೋಧವೂ ಹೆಚ್ಚುತ್ತದೆ. ಪ್ರತಿರೋಧ ವಸ್ತುವಿನ ತೂಕಕ್ಕೆ ಸಮವಾದ ಕ್ಷಣದಿಂದ ವೇಗ ಏರುವುದು ನಿಲ್ಲುತ್ತದೆ. ಇದೇ ಅಂತಿಮ ವೇಗ. ಅಲ್ಲಿಂದ ಮುಂದೆ ಇಳಿದ ಪ್ರತಿ ಮೀಟರಿನ ಶಕ್ತಿಯೂ ಪೂರ್ತಿ ಗಾಳಿಯ ಪಾಲು: ಮೊದಲು ಸಣ್ಣ ಸುಳಿಗಳಾಗಿ, ಕೊನೆಗೆ ಶಾಖವಾಗಿ.

ಮಳೆಹನಿಯನ್ನೇ ನೋಡಿ. ಗಾಳಿಯೇ ಇಲ್ಲದಿದ್ದರೆ 1 ಕಿಲೋಮೀಟರ್ ಎತ್ತರದಿಂದ ಬಿದ್ದ ಹನಿ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯುತ್ತಿತ್ತು. ವಾಸ್ತವದಲ್ಲಿ 2 ಮಿ.ಮೀ. ಹನಿಯ ವೇಗ ಗಂಟೆಗೆ 23 ಕಿ.ಮೀ. ಆಸುಪಾಸು. ಅಂದರೆ ಶಕ್ತಿಯ ಶೇ. 99ಕ್ಕಿಂತ ಹೆಚ್ಚು ಭಾಗವನ್ನು ಗಾಳಿ ಹೀರಿಕೊಂಡಿರುತ್ತದೆ. ಮಳೆಯಲ್ಲಿ ನಾವು ನೆನೆಯುತ್ತೇವೆಯೇ ಹೊರತು ಗಾಯಗೊಳ್ಳುವುದಿಲ್ಲ.

ಸಣ್ಣದಕ್ಕೆ ಗಾಳಿಯೇ ದೊಡ್ಡದು

ಕಣದ ವ್ಯಾಸ ಅರ್ಧವಾದರೆ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಗಾಳಿಗೆ ಒಡ್ಡುವ ಮೈ ಮಾತ್ರ ನಾಲ್ಕನೇ ಒಂದು ಭಾಗದಷ್ಟು ಉಳಿಯುತ್ತದೆ. ಹಾಗಾಗಿ ಸಣ್ಣದಾದಷ್ಟೂ ಗಾಳಿಯದೇ ಮೇಲುಗೈ. ತೀರಾ ಸಣ್ಣ ಧೂಳಿನಲ್ಲಂತೂ ವ್ಯಾಸ ಅರ್ಧವಾದರೆ ಅಂತಿಮ ವೇಗ ಕಾಲು ಭಾಗಕ್ಕೆ ಕುಸಿಯುತ್ತದೆ.

ಈಗ ರಾಯಚೂರಿಗೆ ಬನ್ನಿ. ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಕೃಷ್ಣಾ ದಂಡೆಯಲ್ಲಿ ಆರ್‌ಟಿಪಿಎಸ್ ಇದೆ. ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ನಗರದ ಪಕ್ಕದ ಯರಮರಸ್‌ನಲ್ಲಿ ಇನ್ನೂ 1,600 ಮೆಗಾವ್ಯಾಟ್ ಸ್ಥಾವರವಿದೆ. ಭಾರತದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೂದಿಯೇ.

10 ಮೈಕ್ರಾನಿನ (ಪಿಎಂ 10) ಬೂದಿ ಕಣ ಸೆಕೆಂಡಿಗೆ 6–7 ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಗಾಳಿ ನಿಶ್ಚಲವಾಗಿದ್ದರೂ 100 ಮೀಟರ್ ಇಳಿಯಲು 4 ಗಂಟೆ ಬೇಕು. ಅಷ್ಟರಲ್ಲಿ ಗಂಟೆಗೆ 10 ಕಿ.ಮೀ. ವೇಗದ ಮೆಲುಗಾಳಿ ಬೀಸಿದರೂ ಅದು 40 ಕಿ.ಮೀ. ಸಾಗಿರುತ್ತದೆ. ಪಿಎಂ 2.5 ಕಣಕ್ಕೆ ಅದೇ 100 ಮೀಟರ್ ಇಳಿಯಲು ಹೆಚ್ಚುಕಡಿಮೆ 3 ದಿನ ಬೇಕು. ಶ್ವಾಸಕೋಶದ ಆಳಕ್ಕೆ ಹೋಗುವುದೂ ಇದೇ ಕಣ.

ಹಾಗಾದರೆ ಏನು ಕೇಳಬೇಕು?

‘ಬೂದಿ ತಾನಾಗೇ ಕೆಳಗೆ ಬೀಳುತ್ತೆ’ ಅನ್ನೋ ಸಮಾಧಾನಕ್ಕೆ ಅರ್ಥವಿಲ್ಲ. ಎತ್ತರದ ಚಿಮಣಿ ಬೂದಿಯನ್ನು ಹಂಚುತ್ತೆ, ಇಲ್ಲವಾಗಿಸಲ್ಲ. ಗುರುತ್ವ ಕೈಚೆಲ್ಲುವ ಕಡೆ ವಿದ್ಯುದಾವೇಶದಿಂದ ಕಣಗಳನ್ನು ಸೆಳೆದು ಹಿಡಿಯೋದಕ್ಕೇ ಸ್ಥಾವರಗಳಲ್ಲಿ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್ (ಇಎಸ್‌ಪಿ) ಇರೋದು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನುವುದರ ಮೇಲೆ ಊರಿನ ಉಸಿರು ನಿಂತಿದೆ.

ಕೇಂದ್ರ ಪರಿಸರ ಸಚಿವಾಲಯದ 2015ರ ಅಧಿಸೂಚನೆ ಪ್ರಕಾರ 2003ಕ್ಕೂ ಮೊದಲಿನ ಘಟಕಗಳ ಚಿಮಣಿ ಹೊಗೆಯಲ್ಲಿ ಪ್ರತಿ ಘನ ಮೀಟರಿಗೆ 100 ಮಿಲಿಗ್ರಾಂ, ಆಮೇಲೆ 2016ರವರೆಗೆ ಬಂದವುಗಳಲ್ಲಿ 50 ಮಿಲಿಗ್ರಾಂ ಮೀರಿ ಕಣಗಳಿರಬಾರದು. ನಾವು ಉಸಿರಾಡುವ ಗಾಳಿಗೆ ಬೇರೆ ಮಿತಿ: 2009ರ ಮಾನದಂಡದಂತೆ 24 ಗಂಟೆಯ ಸರಾಸರಿ ಪಿಎಂ 10 ನೂರು ಮೈಕ್ರೋಗ್ರಾಂ, ಪಿಎಂ 2.5 ಅರವತ್ತು ಮೈಕ್ರೋಗ್ರಾಂ.

ಮುಂದಿನ ಸಲ ಜನಪ್ರತಿನಿಧಿಗಳು ಎದುರು ಸಿಕ್ಕಾಗ ಈ ಎರಡೂ ಅಂಕಿ ಕೇಳಿ. ಒಣಗಿದ ಬೂದಿ ಹೊಂಡಕ್ಕೆ ನೀರು ಹಾಯಿಸುತ್ತಿದ್ದಾರಾ, ಬೂದಿ ಲಾರಿಗಳಿಗೆ ತಾಡಪಾಲು ಹೊದಿಸುತ್ತಿದ್ದಾರಾ ಅಂತಲೂ ಕೇಳಿ. ಒಮ್ಮೆ ಮೇಲೆದ್ದ ಧೂಳನ್ನು ಗಾಳಿ ಅಷ್ಟು ಸುಲಭಕ್ಕೆ ಕೆಳಗಿಳಿಸಲ್ಲ.