ಎಳೆಯ ಎಣಿಕೆ, ಇಂಚಿನ ಅಳತೆ: ಇಳಕಲ್ ಸೀರೆಯ ಕಸೂತಿ ಮತ್ತು ನಿರ್ದೇಶಾಂಕ ರೂಪಾಂತರ

ಕಂಪ್ಯೂಟರ್ ಪರದೆಯ ಮೇಲೆ ಚಿತ್ರವನ್ನು ಸರಿಸುವ, ಹಿಗ್ಗಿಸುವ, ತಿರುಗಿಸುವ ಗಣಿತದ ಬಗ್ಗೆ ಇಂದು ತಕರಾರಿಲ್ಲ. ಮೋಬಿಯಸ್ 1827ರಲ್ಲಿ ಮಂಡಿಸಿದ ಸಮಘಾತ ನಿರ್ದೇಶಾಂಕಗಳು, 1984ರ ಪೋಸ್ಟ್‌ಸ್ಕ್ರಿಪ್ಟ್ ರೂಢಿಗೆ ತಂದ ಆರು ಸಂಖ್ಯೆಗಳ ಮಾತೃಕೆ, ಅಗಲಕ್ಕೊಂದು ಎತ್ತರಕ್ಕೊಂದು ಅಳತೆಯನ್ನು ಒಪ್ಪುವ ವಿಂಡೋಸ್‌ನ ಅನೈಸೊಟ್ರಾಪಿಕ್ ಮ್ಯಾಪಿಂಗ್ ಎಲ್ಲರಿಗೂ ಗೊತ್ತಿರುವಂಥವು. ಪರದೆಯಲ್ಲಿ ಎಣಿಕೆ ಮೇಲಿನ ಎಡಮೂಲೆಯಿಂದ ಶುರುವಾಗುತ್ತದೆ, ನೇಯ್ಗೆಯ ನಕ್ಷೆಯನ್ನು ಕೆಳಗಿನಿಂದ ಓದುವ ರೂಢಿಯಿದೆ; ಹಾಗಾಗಿ ಲಂಬಾಕ್ಷವನ್ನು ತಿರುವಿಹಾಕಬೇಕು. ಇಲ್ಲೊಂದು ಸಣ್ಣ ತೊಡಕು. ಕಸೂತಿಯ ಗವಂತಿ ಹೊಲಿಗೆ ಎಳೆಗಳ ನಡುವಿನ ತೂತಿನಿಂದ ತೂತಿಗೆ ಸಾಗುತ್ತದೆ, ನೇಯ್ಗೆಯ ಗುರುತು ಮನೆಯೊಳಗೆ ಕೂರುತ್ತದೆ. 64 ಸಾಲಿನ ಹಾಳೆಯಲ್ಲಿ ತೂತಿನ ಸ್ಥಾನವನ್ನು 64ರಿಂದ ಕಳೆಯಬೇಕು. ಸೊನ್ನೆಯಿಂದ ಎಣಿಸಿದ ಮನೆಯನ್ನಾದರೆ 63ರಿಂದ. ಎರಡಕ್ಕೂ ಒಂದೇ ಸೂತ್ರ ಬರೆದರೆ ಹೊಲಿಗೆ ಒಂದೆಳೆ ಜಾರುತ್ತದೆ.

ನನ್ನ ಭಿನ್ನಾಭಿಪ್ರಾಯ ಇರುವುದು ಬೇರೆ ಕಡೆ. ಡೊರೊತಿ ವಾಶ್‌ಬರ್ನ್ ಮತ್ತು ಡೊನಾಲ್ಡ್ ಕ್ರೋ 1988ರ 'ಸಿಮಿಟ್ರೀಸ್ ಆಫ್ ಕಲ್ಚರ್' ಗ್ರಂಥದಲ್ಲಿ ವಿನ್ಯಾಸಗಳನ್ನು ದೂರ ಕೆಡದ ಚಲನೆಗಳಿಂದ, ಅಂದರೆ ಸರಿಕೆ, ತಿರುಗು, ಪ್ರತಿಬಿಂಬ, ಜಾರು-ಪ್ರತಿಬಿಂಬಗಳಿಂದ, ವರ್ಗೀಕರಿಸಿದರು. ಬಾದಾಮಿಯ ಕಲ್ಲಿಗೆ ಈ ಮಾಪನ ಸರಿಯಾಗಿ ಹೊಂದುತ್ತದೆ. ಎರಡನೆಯ ಗುಹೆಯ ಚಾವಣಿಯಲ್ಲಿ ಹದಿನಾರು ಮೀನುಗಳೇ ಅರೆಗಳಾದ ಚಕ್ರವಿದೆ. ಕಲ್ಲಿಗೆ ದಿಕ್ಕಿನ ಹಂಗಿಲ್ಲ, ಇಪ್ಪತ್ತೆರಡೂವರೆ ಡಿಗ್ರಿ ತಿರುವಿದರೂ ನಡೆಯುತ್ತದೆ. ಹುನಗುಂದ-ಇಳಕಲ್ ಕಡೆಯ ಮಗ್ಗದಿಂದ ಇಳಿದ ಸೀರೆಗೆ ಹಾಸು ಬೇರೆ, ಹೊಕ್ಕು ಬೇರೆ.

ಲೆಕ್ಕಕ್ಕಾಗಿ ಇಂಚಿಗೆ 80 ಹಾಸು, 64 ಹೊಕ್ಕು ಇರುವ ಬಟ್ಟೆಯನ್ನು ಇಟ್ಟುಕೊಳ್ಳೋಣ. ನಾಲ್ಕು ಹಾಸು ದಾಟಿದ ಅಡ್ಡ ಹೊಲಿಗೆಯ ಉದ್ದ 0.05 ಇಂಚು. ಪರದೆಯ ಇಂಚಿನ ಲೆಕ್ಕದಲ್ಲಿ ಅದನ್ನು ಕಾಲು ಸುತ್ತು ತಿರುಗಿಸಿದರೆ ಅದು 3.2 ಹೊಕ್ಕು ದಾಟಬೇಕು. ಅಂಥ ಹೊಲಿಗೆ ಹಾಕಲು ಬರುವುದಿಲ್ಲ. ಬಟ್ಟೆಯ ಮೇಲೆ ಗೆರೆ ಬರೆಯದೆ ಎಳೆ ಎಣಿಸಿಯೇ ಹಾಕುವ ಕಸೂತಿಯಲ್ಲಿ ಸೂಜಿ ಎಳೆಯ ನಡುವೆಯೇ ಇಳಿಯಬೇಕು. ಎಳೆಯ ಲೆಕ್ಕದಲ್ಲೇ ತಿರುಗಿಸಿದರೆ ನಾಲ್ಕು ಹಾಸು ನಾಲ್ಕು ಹೊಕ್ಕಾಗುತ್ತದೆ, ಹೊಲಿಗೆ ಸಲೀಸು. ಆದರೆ ಉದ್ದ 0.0625 ಇಂಚಿಗೆ ಏರುತ್ತದೆ. ನಾಲ್ಕಕ್ಕೆ ನಾಲ್ಕರ ಓರೆ ಹೊಲಿಗೆ 45 ಡಿಗ್ರಿಯಲ್ಲಿ ನಿಲ್ಲದೆ ಸುಮಾರು 51 ಡಿಗ್ರಿಗೆ ನೆಟ್ಟಗಾಗುತ್ತದೆ. ಗ್ರಾಫ್ ಹಾಳೆಯ ಚೌಕ ನಕ್ಷತ್ರಕ್ಕಿದ್ದ ಎಂಟು ಸಮ್ಮಿತಿಗಳಲ್ಲಿ ಬಟ್ಟೆಯ ಮೇಲೆ ಉಳಿಯುವುದು ನಾಲ್ಕು: ಇದ್ದಂತೆ ಇರುವುದು, ಅರ್ಧ ಸುತ್ತು, ಎರಡು ನೇರ ಪ್ರತಿಬಿಂಬ. ಕಾಲು ಸುತ್ತುಗಳೂ ಓರೆ ಪ್ರತಿಬಿಂಬಗಳೂ ಬಿದ್ದುಹೋಗುತ್ತವೆ.

ಇದನ್ನು ಕೈಕೆಲಸದ ಸಹಜ ಏರುಪೇರೆಂದು ಬದಿಗಿಡಬಹುದೆ? ಏರುಪೇರಾಗಿದ್ದರೆ ಒಮ್ಮೆ ಆಚೆ, ಒಮ್ಮೆ ಈಚೆ ಹೋಗುತ್ತಿತ್ತು. ಇದು ಪ್ರತಿ ಹೊಲಿಗೆಯಲ್ಲೂ ಒಂದೇ ದಿಕ್ಕಿಗೆ ವಾಲುತ್ತದೆ. ಹಾಗಾಗಿ ಕಸೂತಿಯ ಸಮ್ಮಿತಿಯನ್ನು ಇಂಚಿನಲ್ಲಿ ಅಳೆಯದೆ ಎಳೆಯಲ್ಲಿ ಎಣಿಸಬೇಕು, ತಂತ್ರಾಂಶವೂ ತಿರುಗಿಸುವ ಕೆಲಸವನ್ನೆಲ್ಲ ಪೂರ್ಣಾಂಕಗಳಲ್ಲಿ ಮುಗಿಸಿ ಅಳತೆಯ ಮಾತೃಕೆಯನ್ನು ಕಟ್ಟಕಡೆಗೆ ಹಚ್ಚಬೇಕು ಎನ್ನುವುದು ನನ್ನ ವಾದ. ಈ ವಾದಕ್ಕೆ ಮಿತಿಗಳಿವೆ. ಎರಡೂ ಕಡೆ ಎಳೆ ಸಮನಾಗಿದ್ದರೆ ಅಥವಾ ಈಗಿನ ರೂಢಿಯಂತೆ ಬಟ್ಟೆಯ ಮೇಲೆ ಕ್ಯಾನ್ವಾಸ್ ಇಟ್ಟು ಹೊಲಿದರೆ ಇದು ಅನ್ವಯಿಸುವುದಿಲ್ಲ. ಇನ್ನೂ ಗಂಭೀರವಾದ ಆಕ್ಷೇಪವೆಂದರೆ, ನುರಿತ ಕೈ ಐದು ಹಾಸಿಗೆ ನಾಲ್ಕು ಹೊಕ್ಕು ಹಿಡಿದರೆ ಮೇಲಿನ ಬಟ್ಟೆಯಲ್ಲಿ ಎರಡೂ ಸರಿಯಾಗಿ 0.0625 ಇಂಚಾಗಿ, ವಾಶ್‌ಬರ್ನ್-ಕ್ರೋ ಅವರ ವರ್ಗೀಕರಣವೇ ಗೆಲ್ಲುತ್ತದೆ. ಆಗಲೂ ಆ ಗೆಲುವು ಎಳೆ ಎಣಿಸಿದ ಮೇಲಷ್ಟೇ ತಿಳಿಯುವಂಥದ್ದು. ಛಾಯಾಚಿತ್ರ ನೋಡಿ ವರ್ಗೀಕರಿಸುವವರಿಗೆ ಅದು ದಕ್ಕದು.

ಸೆರಗಿನ ಪ್ರಶ್ನೆ ಉಳಿದಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಎಳೆಗೆ ಎಳೆ ಸೇರುವುದರಿಂದ ಹಾಸಿನ ಎಣಿಕೆ ಕೂಡುತ್ತದೆ. ನೂಲು ಬದಲಾದಲ್ಲಿ ಹೊಕ್ಕಿನ ದಟ್ಟಣೆ ಬೇರೆಯಾಗಬಹುದು. ಆಗ ಇಡೀ ಸೀರೆಗೆ ಒಂದೇ ಮಾತೃಕೆ ಸಾಲುವುದಿಲ್ಲ, ಕೊಂಡಿಯ ಗೆರೆಯ ಆಚೆಗೆ ಇನ್ನೊಂದು ಬೇಕು. ಹಳೆಯ ಸೀರೆಗಳ ಒಡಲಿನಲ್ಲಿ ಒಂದು ಇಂಚು, ಸೆರಗಿನಲ್ಲಿ ಒಂದು ಇಂಚು ಎಣಿಸಿ ಹೋಲಿಸುವವರೆಗೆ ಈ ಮಾತು ಊಹೆಯೇ.